ಮೊಟ್ಟೆಗೆ ಅಣಬೆ ಸೇರಿಸಿದ್ರೆ ಎಷ್ಟು ಪೌಷ್ಟಿಕಾಂಶ ಸಿಗುತ್ತೆ? ಬೆಲೆ ಲೆಕ್ಕದ ಸಮೇತ ಪೂರ್ತಿ ಮಾಹಿತಿ ಇಲ್ಲಿದೆ

ನಂಜನಗೂಡು/ತಿ.ನರಸೀಪುರ: ಗುಡುಗು ಬಂದು ಮಳೆ ಬಿದ್ದು, ಹುತ್ತದ ಪಕ್ಕ ಅಣಬೆ ಎದ್ರೆ ಮಾತ್ರ ಮನೇಲಿ ಅಣಬೆ ಸಾರು ಅನ್ನೋ ಕಾಲ ಹೋಯ್ತು. ಈಗ ಪೇಟೆಯ ಅಂಗಡಿಗಳಲ್ಲಿ ವರ್ಷವಿಡೀ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಳಿ ಬಟನ್ ಅಣಬೆ ಸಿಗುತ್ತೆ. ಚಿಪ್ಪಿನ ಆಕಾರದ ಆಯಿಸ್ಟರ್ ಅಣಬೆಯನ್ನ ಮನೆಯಲ್ಲೇ ಬೆಳೆಯೋರೂ ಇದ್ದಾರೆ. ಅದನ್ನ ಹೆಚ್ಚಿ ಎರಡು ಮೊಟ್ಟೆ ಒಡೆದು ಹಾಕಿ ಬುರ್ಜಿ ಮಾಡೋದು, ಆಮ್ಲೆಟ್ ಒಳಗೆ ತುಂಬೋದು ಯುವಕರ ರೂಮುಗಳಿಂದ ಹಿಡಿದು ಮನೆ ಅಡುಗೆವರೆಗೂ ಬಂದಿದೆ.

ಜೊತೆಗೆ ಒಂದು ಮಾತೂ ಹರಡಿದೆ. 'ಅಣಬೆ ತಿಂದ್ರೆ ಮೊಟ್ಟೆ, ಮಾಂಸ ಯಾವುದೂ ಬೇಡ, ಎಲ್ಲಾ ಪ್ರೋಟೀನ್ ಅದರಲ್ಲೇ ಇದೆ' ಅಂತ. ಇದನ್ನ ನಂಬಿ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆದು ಅಣಬೆ ಹಾಕಿದ್ರೆ ಮಗುವಿಗೆ ನಷ್ಟ. ಮೊಟ್ಟೆ ಇಟ್ಟುಕೊಂಡೇ ಅಣಬೆ ಸೇರಿಸಿದ್ರೆ ಲಾಭ. ಎರಡಕ್ಕೂ ವ್ಯತ್ಯಾಸ ದೊಡ್ಡದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೀಗಿರುವಾಗ ಪ್ರೋಟೀನ್ ಎಲ್ಲಿದೆ ಅನ್ನೋದನ್ನ ಸರಿಯಾಗಿ ತಿಳ್ಕೊಳ್ಳೋದು ಮುಖ್ಯ.

ಒಂದು ಮೊಟ್ಟೆಯಲ್ಲಿ ಏನಿದೆ?

50 ಗ್ರಾಂ ತೂಗುವ ಒಂದು ಫಾರಂ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು, 70 ಕ್ಯಾಲೊರಿ ಇರುತ್ತೆ. ಈ ಪ್ರೋಟೀನ್‌ನ ಗುಣಮಟ್ಟವೇ ಮೊಟ್ಟೆಯ ದೊಡ್ಡ ಶಕ್ತಿ. ದೇಹ ತಾನೇ ತಯಾರಿಸಿಕೊಳ್ಳೋಕೆ ಆಗದ 9 ಅಮೈನೋ ಆಮ್ಲಗಳೂ ಇದರಲ್ಲಿ ಬೇಕಾದ ಪ್ರಮಾಣದಲ್ಲಿವೆ. ಹಾಗಾಗಿಯೇ ಬೇರೆ ಆಹಾರದ ಪ್ರೋಟೀನ್ ಅಳೆಯುವಾಗ ವಿಜ್ಞಾನಿಗಳು ಬಹಳ ಕಾಲ ಮೊಟ್ಟೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ರು.

ಇದರ ಜೊತೆ ವಿಟಮಿನ್ ಎ, ಬಿ-12, ಸೆಲೆನಿಯಂ, ಸ್ವಲ್ಪ ವಿಟಮಿನ್ ಡಿ, ಮತ್ತೆ ಕೋಲಿನ್ ಅನ್ನೋ ಪೋಷಕಾಂಶ ಸುಮಾರು 150 ಮಿ.ಗ್ರಾಂ ಇದೆ. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆಗೆ ಕೋಲಿನ್ ಬೇಕು. 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆ ಗರ್ಭಿಣಿ, ಬಾಣಂತಿಯರಿಗೆ ಮೊಟ್ಟೆ ಇಟ್ಟಿರೋದು ಸುಮ್ಮನೆ ಅಲ್ಲ.

ಜಿಮ್‌ಗೆ ಹೋಗೋ ಹುಡುಗರು ಹಳದಿ ಭಾಗ ಎಸೆದು ಬಿಳಿ ಮಾತ್ರ ತಿಂತಾರೆ. ಬಿಳಿ ಭಾಗದಲ್ಲಿ ಮೂರೂವರೆ ಗ್ರಾಂ ಪ್ರೋಟೀನ್ ಇದೆ, ನಿಜ. ಆದ್ರೆ ವಿಟಮಿನ್ ಎ, ಡಿ, ಕೋಲಿನ್, ಹೆಚ್ಚಿನ ಪಾಲು ಬಿ-12 ಇರೋದು ಎಸೆಯುವ ಹಳದಿಯಲ್ಲೇ. ದುಡ್ಡು ಕೊಟ್ಟು ತಂದು ಅರ್ಧ ಚರಂಡಿಗೆ ಹಾಕಿದ ಹಾಗೆ.

ಮೊಟ್ಟೆಯಲ್ಲಿ ಇಲ್ಲದ್ದೂ ಇದೆ. ನಾರಿನಂಶ ಸೊನ್ನೆ. ವಿಟಮಿನ್ ಸಿ ಸೊನ್ನೆ. ನಯಾಸಿನ್, ಅಂದ್ರೆ ಬಿ-3 ವಿಟಮಿನ್, ಇಲ್ಲ ಅನ್ನುವಷ್ಟು ಕಡಿಮೆ. ಅಣಬೆ ಕೆಲಸಕ್ಕೆ ಬರೋದು ಇಲ್ಲಿ.

ಅಣಬೆಯ ಪ್ರೋಟೀನ್ ಲೆಕ್ಕ: ಎಲ್ಲಿ ಮೋಸ ಹೋಗ್ತೀವಿ?

'ಅಣಬೆಯಲ್ಲಿ ಶೇ 25-30 ಪ್ರೋಟೀನ್' ಅನ್ನೋ ಸಾಲು ಯೂಟ್ಯೂಬ್ ವಿಡಿಯೋಗಳಲ್ಲಿ, ವಾಟ್ಸಾಪ್ ಮೆಸೇಜ್‌ಗಳಲ್ಲಿ ಓಡಾಡ್ತಾನೇ ಇರುತ್ತೆ. ಅದು ಒಣಗಿಸಿದ ಅಣಬೆಯ ಲೆಕ್ಕ. ನಾವು ಕೊಂಡು ತರೋದು ಹಸಿ ಅಣಬೆ. ಹಸಿ ಅಣಬೆಯಲ್ಲಿ ಹತ್ತಿರ ಹತ್ತಿರ ಶೇ 90 ಭಾಗ ನೀರು. 100 ಗ್ರಾಂ ಹಸಿ ಅಣಬೆಯಲ್ಲಿ ಸಿಗೋದು 3 ಗ್ರಾಂ ಚಿಲ್ಲರೆ ಪ್ರೋಟೀನ್ ಮಾತ್ರ, ಅಂದ್ರೆ ಅರ್ಧ ಮೊಟ್ಟೆಯಷ್ಟು.

ಇನ್ನೊಂದು ವಿಷಯ. ಆಹಾರದಲ್ಲಿರುವ ನೈಟ್ರೋಜನ್ ಅಳೆದು, ಅದನ್ನ 6.25ರಿಂದ ಗುಣಿಸಿ ಪ್ರೋಟೀನ್ ಇಷ್ಟು ಅಂತ ಹೇಳೋದು ವಾಡಿಕೆ. ಅಣಬೆಯ ನೈಟ್ರೋಜನ್‌ನಲ್ಲಿ ಒಂದು ಪಾಲು ಕೈಟಿನ್ ಅನ್ನೋ ವಸ್ತುವಿನಲ್ಲಿರುತ್ತೆ. ಸೀಗಡಿ, ಏಡಿಯ ಚಿಪ್ಪಿನಲ್ಲಿ ಇರುತ್ತಲ್ಲ, ಅದೇ. ಅದು ಪ್ರೋಟೀನ್ ಅಲ್ಲ. ಅದಕ್ಕೇ ಅಣಬೆಗೆ 4.38ರಿಂದ ಗುಣಿಸಬೇಕು ಅಂತಾರೆ. 6.25ರ ಲೆಕ್ಕ ಹಿಡಿದ್ರೆ ಅಣಬೆಯ ಪ್ರೋಟೀನ್ ಇರೋದಕ್ಕಿಂತ ಸಾಕಷ್ಟು ಜಾಸ್ತಿ ಕಾಣುತ್ತೆ.

ಈಗ ಜೇಬಿನ ಲೆಕ್ಕ. ಒಂದು ಮೊಟ್ಟೆಗೆ 7 ರೂಪಾಯಿ, 200 ಗ್ರಾಂ ಅಣಬೆ ಡಬ್ಬಿಗೆ 50 ರೂಪಾಯಿ ಅಂತ ಇಟ್ಕೊಳ್ಳಿ. ನಿಮ್ಮೂರಿನ ಅಂಗಡಿ ಬೆಲೆ ಬೇರೆ ಇದ್ರೆ ಅದನ್ನೇ ಹಾಕಿ ನೋಡಿ. 7 ರೂಪಾಯಿ ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ಅದೇ 6 ಗ್ರಾಂ ಅಣಬೆಯಿಂದ ಬೇಕು ಅಂದ್ರೆ ಇಡೀ ಡಬ್ಬಿ, 50 ರೂಪಾಯಿ. ಏಳು ಪಟ್ಟು! ಕೂಲಿ ದುಡ್ಡಲ್ಲಿ ಸಂಸಾರ ನಡೆಸೋ ಮನೆಯವರು ಪ್ರೋಟೀನ್‌ಗೋಸ್ಕರ ಅಂತ ಅಣಬೆ ತರೋದಾದ್ರೆ ಈ ಲೆಕ್ಕ ಒಂದ್ಸಲ ಹಾಕ್ಲೇಬೇಕು.

ಹಾಗಾದ್ರೆ ಅಣಬೆ ಯಾಕೆ ಬೇಕು?

ಪ್ರೋಟೀನ್ ಬಿಟ್ಟು ಉಳಿದದ್ದಕ್ಕೆ. 100 ಗ್ರಾಂ ಆಯಿಸ್ಟರ್ ಅಣಬೆಯಲ್ಲಿ ಬರೀ 33 ಕ್ಯಾಲೊರಿ, 2 ಗ್ರಾಂಗೂ ಸ್ವಲ್ಪ ಜಾಸ್ತಿ ನಾರು, 400 ಮಿ.ಗ್ರಾಂ ಆಸುಪಾಸು ಪೊಟ್ಯಾಸಿಯಂ, ಸುಮಾರು 5 ಮಿ.ಗ್ರಾಂ ನಯಾಸಿನ್ ಇದೆ. ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. ಬಿಳಿ ಬಟನ್ ಅಣಬೆಯಲ್ಲಿ ಕ್ಯಾಲೊರಿ ಇನ್ನೂ ಕಡಿಮೆ, 22. ಆದ್ರೆ ನಾರು, ನಯಾಸಿನ್ ಕೂಡ ಆಯಿಸ್ಟರ್‌ಗಿಂತ ಕಡಿಮೆ.

ಎರಡು ಮೊಟ್ಟೆ, 100 ಗ್ರಾಂ ಆಯಿಸ್ಟರ್ ಅಣಬೆ, ಒಂದು ಟೀ ಚಮಚ ಎಣ್ಣೆ, ಒಂದು ಸಣ್ಣ ಈರುಳ್ಳಿ. ಇಷ್ಟು ಹಾಕಿ ಮಾಡಿದ ಬುರ್ಜಿಯಲ್ಲಿ ಒಟ್ಟು 15 ಗ್ರಾಂ ಪ್ರೋಟೀನ್, ಸುಮಾರು 240 ಕ್ಯಾಲೊರಿ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ತೂಕದವರಿಗೆ 50 ಗ್ರಾಂ. ಅದರಲ್ಲಿ ಶೇ 30 ಈ ಒಂದು ತಟ್ಟೆಯಲ್ಲೇ ಬಂತು. ಮೊಟ್ಟೆಯಲ್ಲಿಲ್ಲದ ನಾರು, ನಯಾಸಿನ್ ಅಣಬೆ ಕೊಟ್ಟಿತು. ಅಣಬೆಯಲ್ಲಿ ನಂಬಿಕೊಳ್ಳುವಷ್ಟು ಇಲ್ಲದ ಬಿ-12 ಮೊಟ್ಟೆ ಕೊಟ್ಟಿತು. ತಟ್ಟೆ ತುಂಬಿದ ಹಾಗೆ ಕಾಣುತ್ತೆ, ಹೊಟ್ಟೆಯೂ ತುಂಬುತ್ತೆ, ಕ್ಯಾಲೊರಿ ಮಾತ್ರ ಏರಲ್ಲ. ಸಕ್ಕರೆ ಕಾಯಿಲೆ ಇರೋರಿಗೆ, ತೂಕ ಇಳಿಸೋರಿಗೆ ಇದು ಒಳ್ಳೆ ಊಟ. ನಂಜನಗೂಡು ಕೈಗಾರಿಕಾ ಪ್ರದೇಶಕ್ಕೆ ಶಿಫ್ಟ್ ಕೆಲಸಕ್ಕೆ ಹೋಗೋರು ರಾತ್ರಿ ಎಣ್ಣೆ ಸುರಿದ ಎಗ್ ರೈಸ್ ತಿನ್ನೋ ಬದಲು ಇದನ್ನ ಒಂದು ಮುದ್ದೆ ಜೊತೆ ತಿಂದ್ರೆ, ರಾಗಿಯ ಕ್ಯಾಲ್ಸಿಯಂ ಕೂಡ ಸೇರುತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ.

ರಕ್ತಹೀನತೆಗೆ ಇದು ಮದ್ದು ಅಂತ ಮಾತ್ರ ಅಂದ್ಕೋಬೇಡಿ. ಮೊಟ್ಟೆಯಲ್ಲಿ ಕಬ್ಬಿಣದ ಅಂಶ 1 ಮಿ.ಗ್ರಾಂ ಕೂಡ ಇಲ್ಲ, ಇರುವುದನ್ನೂ ದೇಹ ಸುಲಭಕ್ಕೆ ಹೀರಿಕೊಳ್ಳಲ್ಲ. ಹಳದಿಯಲ್ಲಿರುವ ಒಂದು ಪ್ರೋಟೀನ್ ಕಬ್ಬಿಣವನ್ನ ಹಿಡಿದುಕೊಂಡು ಬಿಡುತ್ತೆ. ಅಣಬೆಯ ಕಬ್ಬಿಣವೂ ಕಡಿಮೆಯೇ. ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ ಇದೆ ಅಂತ ಅದೇ ಸಮೀಕ್ಷೆ ಹೇಳುತ್ತೆ. ಅವರು ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ಬಿಡಬಾರದು. ಊಟದಲ್ಲಿ ಸೊಪ್ಪು, ಕಾಳು ಇರಬೇಕು, ಮೇಲೆ ನಿಂಬೆಹಣ್ಣು ಹಿಂಡಿಕೊಂಡ್ರೆ ಇನ್ನೂ ಒಳ್ಳೇದು.

ಅರ್ಧ ಗಂಟೆ ಬಿಸಿಲಿಗಿಡಿ, ವಿಟಮಿನ್ ಡಿ ಬರುತ್ತೆ

ಈ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಣಬೆಯಲ್ಲಿ ಎರ್ಗೋಸ್ಟೆರಾಲ್ ಅನ್ನೋ ವಸ್ತು ಇದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದ ಕೂಡಲೇ ಅದು ವಿಟಮಿನ್ ಡಿ-2 ಆಗಿ ಬದಲಾಗೋಕೆ ಶುರುವಾಗುತ್ತೆ. ನಮ್ಮ ಚರ್ಮದಲ್ಲಿ ಬಿಸಿಲಿಗೆ ವಿಟಮಿನ್ ಡಿ ತಯಾರಾಗೋ ಥರಾನೇ. ಆದ್ರೆ ಅಂಗಡಿ ಅಣಬೆ ಬೆಳೆಯೋದು ಕತ್ತಲೆ ಕೋಣೆಯಲ್ಲಿ. ಹಾಗಾಗಿ ಡಬ್ಬಿಯಿಂದ ತೆಗೆದ ಅಣಬೆಯಲ್ಲಿ ವಿಟಮಿನ್ ಡಿ ಇಲ್ಲ ಅಂತಲೇ ಹೇಳ್ಬಹುದು.

ಮಾಡಬೇಕಾದ್ದು ಇಷ್ಟೇ. ಅಣಬೆಯನ್ನ ತೆಳ್ಳಗೆ ಹೋಳು ಮಾಡಿ ತಟ್ಟೆಯಲ್ಲಿ ಹರಡಿ, ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ಒಳಗೆ ಅರ್ಧ ಗಂಟೆ ನೇರ ಬಿಸಿಲಿಗಿಡಿ. ಹೋಳು ಮಾಡದೆ ಇಡೋದಾದ್ರೆ ಪದರ ಇರುವ ಕೆಳಭಾಗ ಮೇಲೆ ಬರುವಂತೆ ಮಗುಚಿ ಇಡಿ. ಕಿಟಕಿ ಗಾಜಿನ ಹಿಂದೆ ಇಟ್ರೆ ಉಪಯೋಗ ಇಲ್ಲ, ಬೇಕಾದ ಕಿರಣವನ್ನ ಗಾಜು ತಡೆಯುತ್ತೆ. ಹೀಗೆ ಮಾಡಿದ 100 ಗ್ರಾಂ ಅಣಬೆಯಲ್ಲಿ 10 ಮೈಕ್ರೋಗ್ರಾಂ, ಅಂದ್ರೆ 400 ಐಯು ವಿಟಮಿನ್ ಡಿ ಆಗೋದು ಕಷ್ಟವೇನಲ್ಲ. ವಯಸ್ಕರಿಗೆ ದಿನಕ್ಕೆ ಬೇಕಿರೋದು 600 ಐಯು.

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಜೊತೆಗೆ ಕೊಬ್ಬು ಇದ್ರೆ ದೇಹ ಚೆನ್ನಾಗಿ ಹೀರಿಕೊಳ್ಳುತ್ತೆ. ಮೊಟ್ಟೆಯ ಹಳದಿ ಆ ಕೆಲಸ ಮಾಡುತ್ತೆ. ಮೊಟ್ಟೆ-ಅಣಬೆ 'ಒಳ್ಳೆ ಜೋಡಿ' ಅಂತ ಹೇಳೋಕೆ ಸರಿಯಾದ ಕಾರಣ ಅಂದ್ರೆ ಇದೇ. ನಮ್ಮ ಕಡೆ ಬಿಸಿಲಿಗೇನು ಬರವೇ?

ಅಡುಗೆ ಮಾಡುವಾಗ ಸತ್ವ ಹೋಗದ ಹಾಗೆ

ಅಣಬೆ ಬಾಣಲೆಗೆ ಬಿದ್ದ ಕೂಡಲೇ ನೀರು ಬಿಡುತ್ತೆ. ಕೆಲವರು ಆ ನೀರನ್ನ ಬಸಿದು ಚೆಲ್ಲಿಬಿಡ್ತಾರೆ. ಚೆಲ್ಲಬೇಡಿ. ನೀರಲ್ಲಿ ಕರಗೋ ಬಿ ವಿಟಮಿನ್‌ಗಳು, ಪೊಟ್ಯಾಸಿಯಂ ಎಲ್ಲಾ ಆ ನೀರಿನಲ್ಲೇ ಇರ್ತವೆ. ದೊಡ್ಡ ಉರಿಯಲ್ಲಿ ಆ ನೀರು ಅಲ್ಲೇ ಹಿಂಗಲಿ. ಹಿಂಗಿದ ಮೇಲೆ ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ, ಮೆಣಸಿನ ಪುಡಿ. ಉಪ್ಪು ಕೊನೆಗೆ. ಮೊದಲೇ ಉಪ್ಪು ಹಾಕಿದ್ರೆ ಇನ್ನೂ ನೀರು ಬಿಟ್ಟು ಅಣಬೆ ರಬ್ಬರ್ ಥರ ಆಗುತ್ತೆ. ಮೊಟ್ಟೆ ಒಡೆದು ಹಾಕೋದು ಎಲ್ಲಾ ಆದ ಮೇಲೆ. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ ಇಳಿಸಿ.

ಸ್ಪೇನಿನ ಸಂಶೋಧಕರು 2017ರಲ್ಲಿ ಬಟನ್, ಆಯಿಸ್ಟರ್ ಸೇರಿ ನಾಲ್ಕು ಥರದ ಅಣಬೆಗಳನ್ನ ಕುದಿಸಿ, ಕರಿದು, ಸುಟ್ಟು, ಮೈಕ್ರೋವೇವ್‌ನಲ್ಲಿಟ್ಟು ನೋಡಿದ್ರು. ಕುದಿಸಿದಾಗ ಮತ್ತು ಎಣ್ಣೆಯಲ್ಲಿ ಕರಿದಾಗ ಆಂಟಿಆಕ್ಸಿಡೆಂಟ್ ಅಂಶ ಹೆಚ್ಚು ಹೋಯ್ತು, ಕರಿದದ್ದರಲ್ಲಿ ಕೊಬ್ಬು ಬೇರೆ ಏರಿತು. ಗೋಬಿ ಮಂಚೂರಿ ಥರ ಹಿಟ್ಟಿನಲ್ಲಿ ಅದ್ದಿ ಕರಿದ ಅಣಬೆ ನಾಲಿಗೆಗೆ ಚೆಂದ, ಅಷ್ಟೇ.

ಹಸಿ ಮೊಟ್ಟೆ ಕುಡಿದ್ರೆ ಶಕ್ತಿ ಜಾಸ್ತಿ ಅನ್ನೋ ನಂಬಿಕೆಯೂ ತಪ್ಪು. ಬೆಂದ ಮೊಟ್ಟೆಯ ಪ್ರೋಟೀನ್ ಶೇ 90ರಷ್ಟು ದೇಹಕ್ಕೆ ಸೇರಿದ್ರೆ, ಹಸಿಯದು ಸೇರೋದು ಅರ್ಧ ಮಾತ್ರ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣುವಿನ ಭಯ ಬೇರೆ. ಅಣಬೆಯನ್ನೂ ಹಸಿ ತಿನ್ನಬೇಡಿ. ಮಾಡಿದ ಪಲ್ಯವನ್ನ ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೊರಗಿಡಬೇಡಿ. ಬೆಳಿಗ್ಗೆ 7ಕ್ಕೆ ಡಬ್ಬಿಗೆ ಹಾಕಿ ಮಧ್ಯಾಹ್ನ 1ಕ್ಕೆ ತಿನ್ನೋರಿಗೆ ಇದಕ್ಕಿಂತ ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆಯೇ ವಾಸಿ.

ನಾಟಿ ಮೊಟ್ಟೆ ಒಳ್ಳೇದಾ, ಫಾರಂ ಮೊಟ್ಟೆನಾ?

ಪ್ರೋಟೀನ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನಾಟಿ ಮೊಟ್ಟೆ ಚಿಕ್ಕದು, ಬೆಲೆ ಜಾಸ್ತಿ. ಹಳದಿ ಗಾಢವಾಗಿರೋದು ಕೋಳಿ ತಿಂದ ಸೊಪ್ಪು, ಹುಳ, ಜೋಳದಿಂದ. ಕಂದು ಚಿಪ್ಪಾದ್ರೂ ಬಿಳಿ ಚಿಪ್ಪಾದ್ರೂ ಒಳಗೆ ಒಂದೇ. ರುಚಿಗೆ ನಾಟಿ ಬೇಕು ಅನ್ನೋರು ತಗೊಳ್ಳಿ, ಅದು ಬೇರೆ ಮಾತು.

ಶಾಲೆ ಮಕ್ಕಳ ಮೊಟ್ಟೆ, ಸೋಮವಾರದ ಮನೆ

2024ರಿಂದ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 1ರಿಂದ 10ನೇ ತರಗತಿ ಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂತು. ಎರಡು ದಿನದ್ದು ಸರ್ಕಾರದ ಖರ್ಚು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಬಾಳೆಹಣ್ಣು ಒಳ್ಳೆಯದೇ, ರಸಬಾಳೆಯ ಊರಿನವರು ನಾವು, ಅದಕ್ಕೆ ಕೆಟ್ಟ ಮಾತು ಆಡೋ ಹಾಗಿಲ್ಲ. ಆದ್ರೆ ಒಂದು ಬಾಳೆಹಣ್ಣಿನಲ್ಲಿ ಪ್ರೋಟೀನ್ 1 ಗ್ರಾಂ ಅಷ್ಟೇ. ಮನೆಯಲ್ಲಿ ಮೊಟ್ಟೆ ತಿನ್ನೋ ಮಗು ಶಾಲೆಯಲ್ಲಿ ಬಾಳೆಹಣ್ಣು ಇಸ್ಕೊಂಡು ಬರ್ತಿದ್ರೆ ಅಪ್ಪ-ಅಮ್ಮ ಒಂದು ಮಾತು ಕೇಳಿ.

ಮೊಟ್ಟೆ, ಅಣಬೆ ಎರಡೂ ಒಂದೇ ಬಾಣಲೆಯಲ್ಲಿ ಇರಲೇಬೇಕು ಅಂತಿಲ್ಲ. ಮಧ್ಯಾಹ್ನ ಶಾಲೆಯಲ್ಲಿ ಮೊಟ್ಟೆ, ರಾತ್ರಿ ಮನೆಯಲ್ಲಿ ಅಣಬೆ ಸಾರು ಅಂದ್ರೂ ದೇಹಕ್ಕೆ ಸೇರೋದು ಎರಡೂ ಸೇರುತ್ತೆ.

ಸೋಮವಾರ ನಂಜುಂಡೇಶ್ವರನ ವಾರ ಅಂತ ಮೊಟ್ಟೆ ಮುಟ್ಟದ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಯಾವತ್ತೂ ತಿನ್ನದ ಮನೆಗಳೂ ಇವೆ, ಅದರಲ್ಲಿ ಕೆಲವು ಮನೆಗೆ ಅಣಬೆಯೂ ಆಗಲ್ಲ. ಅಣಬೆ ಆಗುತ್ತೆ ಅನ್ನೋರು ಅದನ್ನ ಕಾಳಿನ ಜೊತೆ ಬೇಯಿಸಿ. 50 ಗ್ರಾಂ ಹುರುಳಿಕಾಳಿನಲ್ಲಿ ಹತ್ತಿರ ಹತ್ತಿರ 11 ಗ್ರಾಂ ಪ್ರೋಟೀನ್ ಇದೆ. ಮೊಟ್ಟೆಯ ಜಾಗ ತುಂಬೋದು ಕಾಳೇ, ಅಣಬೆ ಅಲ್ಲ. ಬಿ-12ಗೆ ಹಾಲು, ಮೊಸರು ಇರಲಿ.

ಯಾರು ಹುಷಾರಾಗಿರಬೇಕು?

ಒಂದು ಮೊಟ್ಟೆಯಲ್ಲಿ ಸುಮಾರು 190 ಮಿ.ಗ್ರಾಂ ಕೊಲೆಸ್ಟ್ರಾಲ್ ಇದೆ. ಆರೋಗ್ಯವಾಗಿರೋರಿಗೆ ದಿನಕ್ಕೊಂದು ಮೊಟ್ಟೆ ತೊಂದರೆ ಇಲ್ಲ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇರೋರು ವಾರಕ್ಕೆ ಎಷ್ಟು ಅಂತ ಡಾಕ್ಟರ್ ಹತ್ರ ಕೇಳಿ. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿಸಿಕೊಂಡೋರು ಅಣಬೆ ಬಗ್ಗೆಯೂ ಕೇಳಬೇಕು. ಚಿಕ್ಕ ಮಕ್ಕಳಿಗೆ ಮೊದಲ ಸಲ ಕೊಡುವಾಗ ಎರಡನ್ನೂ ಒಟ್ಟಿಗೆ ಕೊಡಬೇಡಿ. ಮೊದಲು ಮೊಟ್ಟೆ ಕೊಟ್ಟು ಕೆಲವು ದಿನ ನೋಡಿ, ಆಮೇಲೆ ಅಣಬೆ. ಮೈ ಮೇಲೆ ಗಂಧೆ ಎದ್ರೆ, ವಾಂತಿಯಾದ್ರೆ ಯಾವುದರಿಂದ ಅಂತ ಗೊತ್ತಾಗುತ್ತೆ. ಮೊಟ್ಟೆ-ಅಣಬೆ ಸೇರಿದ್ರೆ ವಿಷ ಆಗುತ್ತೆ ಅನ್ನೋ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ.

ಹುಲ್ಲು ಇದ್ದೋರು ಮನೆಯಲ್ಲೇ ಬೆಳೀಬಹುದು

ಬೆಲೆ ಜಾಸ್ತಿ ಅನ್ನೋದೇ ತೊಂದರೆಯಾದ್ರೆ ಅದಕ್ಕೆ ದಾರಿ ಇದೆ. ತಿ.ನರಸೀಪುರ ತಾಲ್ಲೂಕಿನಲ್ಲಿ ನಾಲೆ ಕೆಳಗೆ ಭತ್ತ ಬೆಳೆಯೋ ಊರುಗಳಿಗೆ ಹುಲ್ಲು ಬರ ಇಲ್ಲ. ಆಯಿಸ್ಟರ್ ಅಣಬೆ ಬೆಳೆಯೋದು ಆ ಭತ್ತದ ಹುಲ್ಲಿನ ಮೇಲೇ. ಹುಲ್ಲನ್ನ ತುಂಡು ಮಾಡಿ ನೆನೆಸಿ, ಬಿಸಿನೀರಿನಲ್ಲಿ ಹದ ಮಾಡಿ, ನೀರು ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜ ಹಾಕಿ ತುಂಬಿದ್ರೆ ಮೂರು-ನಾಲ್ಕು ವಾರಕ್ಕೆ ಮೊದಲ ಕೊಯ್ಲು. 20ರಿಂದ 28 ಡಿಗ್ರಿ ತಾಪಮಾನ, ಚೆನ್ನಾಗಿ ತೇವ ಬೇಕು. ಒಂದು ಕೆ.ಜಿ. ಒಣಹುಲ್ಲಿಗೆ ಅರ್ಧ ಕೆ.ಜಿ.ಗೂ ಮೇಲೆ ಹಸಿ ಅಣಬೆ ಬರುತ್ತೆ. ಮೇಲೆ ಹೇಳಿದ ಏಳು ಪಟ್ಟು ಲೆಕ್ಕ ಆಗ ತಲೆಕೆಳಗಾಗುತ್ತೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಣಬೆ ತರಬೇತಿ ಯಾವಾಗ ಇದೆ ಅಂತ ವಿಚಾರಿಸಿ. ಬೀಜಕ್ಕೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನೂ ಕೇಳಬಹುದು.

ಹೊಲದ ಬದುವಿನ ಅಣಬೆ: ಇಲ್ಲಿ ಜೀವದ ಪ್ರಶ್ನೆ

ದುಡ್ಡು ಕೊಡದೆ ಸಿಗೋದು ಇನ್ನೊಂದಿದೆ, ಮಳೆ ಬಿದ್ದಾಗ ತಾನಾಗೇ ಏಳುವ ಅಣಬೆ. ಹುತ್ತದ ಅಣಬೆ ಗುರುತಿಸಿ ಕೀಳೋ ಹಿರಿಯರು ಈಗಲೂ ಇದ್ದಾರೆ. ಆದ್ರೆ ಗುರುತು ಗೊತ್ತಿಲ್ಲದೋರು, ಅದರಲ್ಲೂ ಮೊಬೈಲ್‌ನಲ್ಲಿ ಫೋಟೋ ಹೋಲಿಸಿ ನೋಡೋರು ಕಿತ್ತು ತರಲೇಬಾರದು. ಹುಲ್ಲುಗಾವಲಿನಲ್ಲಿ, ತೋಟದಲ್ಲಿ ಏಳುವ ದೊಡ್ಡ ಬಿಳಿ ನಾಯಿಕೊಡೆಗಳಲ್ಲಿ ತಿಂದ ಎರಡು-ಮೂರು ಗಂಟೆಗೇ ವಾಂತಿ, ಭೇದಿ ಹಿಡಿಸುವಂಥದ್ದು ಇವೆ.

ಬೆಳ್ಳಿ ಚಮಚ ಕಪ್ಪಾಗದಿದ್ರೆ ಒಳ್ಳೆ ಅಣಬೆ, ಬೆಳ್ಳುಳ್ಳಿ ಬಣ್ಣ ತಿರುಗದಿದ್ರೆ ಒಳ್ಳೆ ಅಣಬೆ, ಹುಳ ತಿಂದಿದ್ರೆ ಮನುಷ್ಯರಿಗೂ ಆಗುತ್ತೆ ಅಂತೆಲ್ಲಾ ಹೇಳ್ತಾರೆ. ಒಂದನ್ನೂ ನಂಬಬೇಡಿ. ಮೊಟ್ಟೆ ಹಾಕಿ ಬೇಯಿಸಿದ್ರೂ, ಎಷ್ಟು ಹೊತ್ತು ಕುದಿಸಿದ್ರೂ ಯಕೃತ್ತನ್ನ ಹಾಳು ಮಾಡುವ ಅಮಾಟಾಕ್ಸಿನ್ ಅನ್ನೋ ವಿಷ ಹೋಗಲ್ಲ. ಈ ವಿಷದ ಲಕ್ಷಣ ತಿಂದ ಕೂಡಲೇ ಕಾಣಲ್ಲ. 6 ಗಂಟೆಯಿಂದ ಒಂದು ದಿನದವರೆಗೂ ಏನೂ ಆಗದೆ ಇರಬಹುದು. ಆಮೇಲೆ ವಾಂತಿ-ಭೇದಿ, ನಂತರ ಒಂದು ದಿನ ಸುಧಾರಿಸಿದ ಹಾಗೆ ಕಾಣುತ್ತೆ. ಒಳಗೆ ಯಕೃತ್ತು ಹಾಳಾಗ್ತಿರೋದು ಆ ಹೊತ್ತಲ್ಲೇ. 'ಹುಷಾರಾಯ್ತು' ಅಂತ ಮನೆಗೆ ಕರ್ಕೊಂಡು ಹೋಗಬೇಡಿ.

ಕಾಡಣಬೆ ತಿಂದ ಮೇಲೆ ಹೊಟ್ಟೆ ಕೆಟ್ರೆ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕಳಿಸಿದ್ರೆ ತಡ ಮಾಡಬೇಡಿ. ಜೊತೆಗೆ ಊಟ ಮಾಡಿದೋರನ್ನ ತೊಂದರೆ ಇಲ್ಲದಿದ್ರೂ ಕರ್ಕೊಂಡು ಹೋಗಿ. ಮಿಕ್ಕಿರೋ ಹಸಿ ಅಣಬೆ ಇದ್ರೆ ಪ್ಲಾಸ್ಟಿಕ್‌ಗೆ ಹಾಕದೆ ಪೇಪರಲ್ಲಿ ಸುತ್ತಿ, ಎಷ್ಟು ಗಂಟೆಗೆ ತಿಂದದ್ದು ಅಂತ ಬರೆದು ಡಾಕ್ಟರ್ ಕೈಗೆ ಕೊಡಿ.